ಹಾಳಾದ ಹೊಲವನ್ನು ವೇದಿಕೆ ಮೇಲೆ ತೋರಿಸಬೇಕೇ? ಒಂದು ಸಮ್ಮೇಳನ ಭಾಷಣದ ಪ್ರಕರಣ

ಭಾಷಣ ಮಾಡಿದವರು ತುಂಗಭದ್ರಾ ಎಡದಂಡೆ ಕಾಲುವೆಯ ಅಚ್ಚುಕಟ್ಟಿನಲ್ಲಿ ಕೆಲಸ ಮಾಡುವ ಒಬ್ಬ ಕೃಷಿ ಇಂಜಿನಿಯರ್. ರೈತರು ಅವರನ್ನು ಮೇಡಂ ಅಂತ ಕರೆಯುತ್ತಾರೆ, ಇಲ್ಲೂ ಅದೇ ಇರಲಿ. ಅವರ ಕಚೇರಿ, ಹಳ್ಳಿ, ಸಮ್ಮೇಳನದ ಹೆಸರು ಯಾವುದನ್ನೂ ಹೇಳುವುದಿಲ್ಲ. ಕೆಲವು ವಿವರ ಬದಲಿಸಿದ್ದೇನೆ. ಇಳುವರಿಯ ಅಂಕಿಗಳನ್ನು ಪೂರ್ತಿ ಬಿಟ್ಟಿದ್ದೇನೆ. ಆ ಭಾಗದಲ್ಲಿ ನೆಲದೊಳಗೆ ಬಸಿ ಪೈಪು (ಹೊಲದ ಉಪ್ಪುನೀರನ್ನು ಹೊರಗೆ ಬಿಡುವ ಪೈಪು) ಹಾಕಿಸಿಕೊಂಡವರು ಕಡಿಮೆ. ಅಂಕಿ ನೋಡಿದರೆ ಯಾರ ಹೊಲ ಅಂತ ಸುತ್ತಲಿನವರಿಗೆ ಗೊತ್ತಾಗಿಬಿಡುತ್ತದೆ. ಅದು ಗೊತ್ತಾಗಬಾರದು ಅನ್ನುವುದೂ ಈ ಪ್ರಕರಣದ ಒಂದು ಭಾಗವೇ.

ನಾನು ಬೇರೆ ಇಲಾಖೆಯವನು. ರಿಹರ್ಸಲ್‌ಗಳಲ್ಲಿ ಕೂತು ಕೇಳಿದವರಲ್ಲಿ ಒಬ್ಬ.

ಹಿನ್ನೆಲೆ

ಮಣ್ಣಿನ ವಿಷಯ ಸ್ವಲ್ಪ ಹೇಳದೆ ಭಾಷಣದ ತಾಪತ್ರಯ ಅರ್ಥವಾಗುವುದಿಲ್ಲ.

ತುಂಗಭದ್ರಾ ಜಲಾಶಯದಲ್ಲಿ ನೀರು ನಿಂತದ್ದು 1953ರಲ್ಲಿ. ಎಡದಂಡೆ ಮುಖ್ಯ ಕಾಲುವೆ 227 ಕಿ.ಮೀ. ಉದ್ದ, ಕೊಪ್ಪಳ ಮತ್ತು ರಾಯಚೂರು ಜಿಲ್ಲೆಗಳ ಹೊಲಗಳಿಗೆ ನೀರು ಕೊಡುತ್ತದೆ. ಯೋಜನೆ ಮಾಡಿದಾಗ ಇಲ್ಲಿನ ಹೆಚ್ಚಿನ ಭೂಮಿಗೆ ಅಂದುಕೊಂಡದ್ದು ಜೋಳ, ಹತ್ತಿಯಂಥ ಕಡಿಮೆ ನೀರಿನ ಬೆಳೆ. ಬಂದದ್ದು ಭತ್ತ. ಗಂಗಾವತಿ, ಕಾರಟಗಿ, ಸಿಂಧನೂರು ಕಡೆ ಹೋದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಣ್ಣು ಹಾಯುವವರೆಗೂ ಸೋನಾ ಮಸೂರಿ. ಜಲಾಶಯದಲ್ಲಿ ಮೊದಲು ಸುಮಾರು 133 ಟಿಎಂಸಿ ಹಿಡಿಯುತ್ತಿತ್ತು, ಹೂಳು ತುಂಬಿ ಈಗ 105ರ ಆಸುಪಾಸಿಗೆ ಇಳಿದಿದೆ. ಮೇಲಿನವರು ಭತ್ತಕ್ಕೆ ನೀರು ನಿಲ್ಲಿಸುತ್ತಾರೆ, ಮಾನ್ವಿ, ರಾಯಚೂರು ಕಡೆಯ ಕೊನೆ ಭಾಗದವರು ನೀರಿಗಾಗಿ ರಸ್ತೆ ತಡೆ ಮಾಡುತ್ತಾರೆ. ಈ ಜಗಳ ಹಳೆಯದು.

ಇನ್ನೊಂದು ಕಡೆ ಎರೆ ಭೂಮಿಯಲ್ಲಿ ನೀರು ಬೇಗ ಬಸಿಯುವುದಿಲ್ಲ. ಅಂತರ್ಜಲ ಮೇಲೆ ಬರುತ್ತದೆ, ಅದರ ಜೊತೆ ಉಪ್ಪೂ ಬರುತ್ತದೆ. ಬೇಸಿಗೆಯಲ್ಲಿ ನೆಲ ಒಣಗಿದಾಗ ಬಿಳಿ ಪೊರೆ ಕಾಣುತ್ತದೆ. ಸವಳು ಅಂದರೆ ಇದೇ. ಮಣ್ಣಿನ ರಸದ ವಿದ್ಯುತ್ ವಾಹಕತೆ (ಉಪ್ಪು ಹೆಚ್ಚಿದಷ್ಟೂ ಇದೂ ಹೆಚ್ಚುತ್ತದೆ) ಮೀಟರಿಗೆ 4 ಡೆಸಿ ಸೀಮೆನ್ಸ್ ದಾಟಿದರೆ ಅದನ್ನು ಸವಳು ಭೂಮಿ ಅನ್ನುತ್ತಾರೆ. ಹತ್ತಿ 7.7ರವರೆಗೆ, ಜೋಳ 6.8ರವರೆಗೆ ಇಳುವರಿ ಕಳೆದುಕೊಳ್ಳದೆ ತಾಳಿಕೊಳ್ಳುತ್ತದೆ. ಭತ್ತಕ್ಕೆ 3 ದಾಟಿದರೆ ಪೆಟ್ಟು. ಅಂದರೆ ಉಪ್ಪು ತಾಳುವ ಬೆಳೆಗಳನ್ನು ಬಿಟ್ಟು, ತಾಳದ ಬೆಳೆಯನ್ನು ಹಿಡಿದು, ಆ ಬೆಳೆಗೆ ಕೊಟ್ಟ ನೀರಿನಿಂದಲೇ ಉಪ್ಪನ್ನು ಮೇಲೆ ಎಳೆದುಕೊಂಡಿದ್ದೇವೆ.

ಇದಕ್ಕೆ ಒಂದು ಪರಿಹಾರ ಒಳಬಸಿ ಪೈಪು. ಒಂದು ಮೀಟರ್ ಅಥವಾ ಅದಕ್ಕಿಂತ ಸ್ವಲ್ಪ ಆಳದಲ್ಲಿ, ಸಣ್ಣ ತೂತುಗಳಿರುವ ಪಿವಿಸಿ ಪೈಪುಗಳನ್ನು ಸಾಲು ಸಾಲಾಗಿ ಹೂಳುತ್ತಾರೆ. ಮಣ್ಣು ಒಳಗೆ ಹೋಗದ ಹಾಗೆ ಸುತ್ತ ಸೋಸುವ ಬಟ್ಟೆ ಇರುತ್ತದೆ. ಹೊಲಕ್ಕೆ ಕಟ್ಟಿದ ನೀರು ಉಪ್ಪನ್ನು ಕರಗಿಸಿಕೊಂಡು ಕೆಳಗಿಳಿದು ಪೈಪು ಸೇರಿ, ಇಳಿಜಾರಿನಲ್ಲಿ ಹರಿದು ಹಳ್ಳಕ್ಕೆ ಬೀಳುತ್ತದೆ. ಮೇಡಂ ತಮ್ಮ ವ್ಯಾಪ್ತಿಯ ಇಬ್ಬರು ರೈತರ ಹೊಲದಲ್ಲಿ ಇದನ್ನು ಹಾಕಿಸಿದ್ದರು. ಮೊದಲ ಹಂಗಾಮಿನಲ್ಲಿ ಎರಡೂ ಕಡೆ ಫಲ ಚೆನ್ನಾಗಿತ್ತು. ಅದೇ ಖುಷಿಯಲ್ಲಿ, ರಾಯಚೂರಿನಲ್ಲಿ ನಡೆಯಲಿದ್ದ ಇಂಜಿನಿಯರುಗಳ ಸಮ್ಮೇಳನಕ್ಕೆ ಒಂದು ಸಾರಾಂಶ ಕಳಿಸಿದರು. ಜೊತೆಗೆ ಕಚೇರಿಯ ಹಿರಿಯ ಅಧಿಕಾರಿಯೊಬ್ಬರ ಹೆಸರೂ ಇತ್ತು. ಸಾರಾಂಶ ಒಪ್ಪಿಗೆ ಆಯಿತು. 12 ನಿಮಿಷ ಮಾತು, 3 ನಿಮಿಷ ಪ್ರಶ್ನೆ.

ತೊಡಕು

ಸಮ್ಮೇಳನ ಬರುವಷ್ಟರಲ್ಲಿ ಎರಡನೇ ಹಂಗಾಮು ಮುಗಿದಿತ್ತು. ಒಂದು ಹೊಲ ಇನ್ನಷ್ಟು ಸುಧಾರಿಸಿತ್ತು. ಇನ್ನೊಂದು ಮತ್ತೆ ಸವಳಿಗೆ ತಿರುಗಿತ್ತು.

ಕಾರಣ ಹುಡುಕಲು ಬಹಳ ಅಲೆಯಬೇಕಾಗಲಿಲ್ಲ. ಆ ಹೊಲದ ಪೈಪು ಬೀಳುವ ಹಳ್ಳದಲ್ಲಿ ಕೆಳಗಡೆ ಯಾರೋ ಮಣ್ಣಿನ ಒಡ್ಡು ಹಾಕಿದ್ದರು. ಅವರದ್ದೂ ತಪ್ಪು ಅನ್ನಲು ಬರುವುದಿಲ್ಲ. ಅವರಿಗೆ ಉಪಕಾಲುವೆಯ ನೀರು ಮುಟ್ಟುವುದಿಲ್ಲ, ಮೇಲಿನ ಗದ್ದೆಗಳಿಂದ ಬಸಿದು ಬಂದ ಹಳ್ಳದ ನೀರನ್ನೇ ನಿಲ್ಲಿಸಿ ಮೋಟಾರು ಇಟ್ಟು ಎತ್ತುತ್ತಾರೆ. ನೀರು ನಿಂತ ಕಡೆ ಜೊಂಡು ಬೆಳೆಯಿತು, ಹೂಳು ಕೂತಿತು. ಪೈಪಿನ ಬಾಯಿ ನೀರಿನೊಳಗೆ ಮುಳುಗಿತು. ಬಾಯಿ ಮುಳುಗಿದ ಮೇಲೆ ಒಳಗಿನ ನೀರು ಎಲ್ಲಿಗೆ ಹೋಗಬೇಕು? ಹೊಲದಲ್ಲೇ ನಿಂತಿತು.

ಅಚ್ಚಾದ ಸಾರಾಂಶದಲ್ಲಿ ಮಾತ್ರ ಎರಡೂ ಹೊಲ ಗೆದ್ದಿದ್ದವು.

ಮೇಡಂ ಮೊದಲು ಮಾಡಿದ್ದು ಹೆಚ್ಚಿನವರು ಮಾಡುವುದನ್ನೇ. ಇರುವುದನ್ನೆಲ್ಲ ಸ್ಲೈಡಿಗೆ ಹಾಕಿದರು. ಜಲಾಶಯದ ಇತಿಹಾಸ, ಅಚ್ಚುಕಟ್ಟಿನ ನಕ್ಷೆ, ಮಣ್ಣಿನ ವರ್ಗೀಕರಣ, ಪೈಪಿನ ಲೆಕ್ಕಾಚಾರ, ಹಂಗಾಮುವಾರು ಕೋಷ್ಟಕ. ಎಲ್ಲ ಸೇರಿ 40ರ ಹತ್ತಿರ. ಹಾಳಾದ ಹೊಲ ಕೊನೆಯಿಂದ ಮೂರನೇ ಸ್ಲೈಡಿನಲ್ಲಿ ಒಂದು ಸಾಲಾಗಿ ಕೂತಿತ್ತು: ನಿರ್ವಹಣೆಯ ಕೊರತೆಯಿಂದ ಒಂದು ಕಡೆ ಫಲಿತಾಂಶ ನಿರೀಕ್ಷೆಯಂತೆ ಬಂದಿಲ್ಲ. ಮುಚ್ಚಿಟ್ಟರು ಅಂತ ಯಾರೂ ಬೆರಳು ಮಾಡುವ ಹಾಗಿಲ್ಲ, ಯಾರ ಕಣ್ಣಿಗೂ ಬೀಳುವ ಹಾಗೂ ಇಲ್ಲ. ಇಂಥ ಸಾಲುಗಳನ್ನು ಬರೆಯುವುದರಲ್ಲಿ ಸರ್ಕಾರಿ ಕಚೇರಿಯವರದು ಪಳಗಿದ ಕೈ. ನಾನೂ ಆ ಪೈಕಿಯವನೇ, ಗೊತ್ತು.

ಮೊದಲ ರಿಹರ್ಸಲ್ ಕಚೇರಿಯ ಮೀಟಿಂಗ್ ಕೋಣೆಯಲ್ಲಿ ನಡೆಯಿತು. 12 ನಿಮಿಷ ಆದಾಗ ಮೇಡಂ ಇನ್ನೂ ಮಣ್ಣಿನ ವರ್ಗೀಕರಣದಲ್ಲಿದ್ದರು. ಮುಂದಿನ ಸಲ ಬೇಗ ಬೇಗ ಮಾತಾಡಿ ಮುಗಿಸಲು ನೋಡಿದರು. ಮುಗಿಯಿತು, ಆದರೆ ಕೇಳಿದವರಿಗೆ ಏನೂ ಉಳಿಯಲಿಲ್ಲ. ಆಮೇಲೆ ಬಾಯಿಪಾಠ ಮಾಡಿಕೊಂಡು ಬಂದರು. ಅದು ಇನ್ನೂ ಕಷ್ಟವಾಯಿತು. ಒಂದು ವಾಕ್ಯ ಮರೆತರೆ ಹಿಂದಿನ ಸ್ಲೈಡಿಗೆ ಹೋಗಿ ಮತ್ತೆ ಶುರು ಮಾಡಬೇಕಾಗುತ್ತಿತ್ತು.

ತಿರುವು ತಂದ ಪ್ರಶ್ನೆ

ಬಾಯಿಪಾಠದ ರಿಹರ್ಸಲ್ ಮುಗಿದಾಗ ಎಲ್ಲರೂ "ಚೆನ್ನಾಗಿದೆ ಮೇಡಂ" ಅಂದೆವು. ಸುಮ್ನೆ ಅನ್ನುವ ಮಾತು ಅದು. ಹಿಂದೆ ಕೂತಿದ್ದ ವರ್ಕ್ ಇನ್‌ಸ್ಪೆಕ್ಟರ್ ಒಬ್ಬರೇ ಸುಮ್ಮನಿದ್ದರು. ಎರಡೂ ಹೊಲದಲ್ಲಿ ಪೈಪು ಹಾಕುವಾಗ ನಿಂತು ಕೆಲಸ ಮಾಡಿಸಿದವರು ಅವರೇ. ಅವರು ಕೇಳಿದರು: "ಹಂಗಾದ್ರ ಪೈಪ್ ಹಾಕ್ಬೇಕೋ ಬ್ಯಾಡೋ ಮೇಡಂ?"

ಕೆಲವರು ನಕ್ಕರು. ಮೇಡಂ ನಗಲಿಲ್ಲ. ಅಷ್ಟು ಸ್ಲೈಡುಗಳಲ್ಲಿ ಎಲ್ಲೂ ಆ ಪ್ರಶ್ನೆಗೆ ಉತ್ತರ ಇರಲಿಲ್ಲ. ಅವರು ಸ್ವಲ್ಪ ಹೊತ್ತು ಯೋಚನೆ ಮಾಡಿ, "ಹಳ್ಳ ನೋಡ್ಕೊಳ್ಳೋರು ಇದ್ರ ಹಾಕ್ಬೇಕು, ಇಲ್ಲಾಂದ್ರ ರೊಕ್ಕ ದಂಡ" ಅಂದರು. ಇನ್‌ಸ್ಪೆಕ್ಟರ್ ತಲೆಯಾಡಿಸಿದರು. "ಅದನ್ನ ಹೇಳ್ರಲಾ."

ಇದನ್ನು ನಾನು ಈ ಪ್ರಕರಣದ ಮುಖ್ಯ ಘಟ್ಟ ಅಂತ ಎಣಿಸುತ್ತೇನೆ. ಪ್ರಶ್ನೆ ಜಾಣತನದ್ದು ಅಂತ ಅಲ್ಲ. ಪ್ರಶ್ನೆ ಕೇಳಿದ ಇನ್‌ಸ್ಪೆಕ್ಟರಿಗೆ ಕೆಲಸ ಗೊತ್ತಿತ್ತು, ಪ್ರಬಂಧ ಗೊತ್ತಿರಲಿಲ್ಲ. ವಿಷಯದ ಒಳಗೇ ಇರುವ ನಾವು ಕೋಷ್ಟಕದ ದಶಮಾಂಶ ಸರಿಯಾ, ನಕ್ಷೆಯ ಬಣ್ಣ ಕಾಣುತ್ತದಾ ಅಂತ ನೋಡುತ್ತಿದ್ದೆವು. ಅವರು ನಾಳೆ ಇನ್ನೊಂದು ಹೊಲದಲ್ಲಿ ಜೆಸಿಬಿ ನಿಲ್ಲಿಸಬೇಕಾದವರು. ಅವರಿಗೆ ಬೇಕಾದದ್ದು ತೀರ್ಮಾನ. ಸಮ್ಮೇಳನದ ಸಭೆಯಲ್ಲಿ ಕೂರುವ ಇಂಜಿನಿಯರುಗಳಲ್ಲೂ ಹೆಚ್ಚಿನವರಿಗೆ ಬೇಕಾಗಿರುವುದು ಅದೇ, ಅಲ್ವಾ?

ಆ ಸಂಜೆ ಮೇಡಂ ಭಾಷಣವನ್ನು ಬುಡಮೇಲು ಮಾಡಿದರು. ಹಾಳಾದ ಹೊಲ ಮುಂದೆ ಬಂತು. ಗೆದ್ದ ಹೊಲ ಅದರ ಪಕ್ಕದಲ್ಲಿ ನಿಂತಿತು. ಮಣ್ಣು ಒಂದೇ ಥರ, ಪೈಪು ಒಂದೇ ಥರ, ಹಾಕಿದವರೂ ಒಬ್ಬರೇ. ಬೇರೆ ಇದ್ದದ್ದು ಪೈಪು ಬೀಳುವ ಹಳ್ಳ ಮಾತ್ರ. ಜಲಾಶಯದ ಇತಿಹಾಸ ಪೂರ್ತಿ ಹೋಯಿತು. ರಾಯಚೂರಿನ ಸಭೆಯಲ್ಲಿ ಕೂತವರಿಗೆ ತುಂಗಭದ್ರೆಯ ಪರಿಚಯ ಮಾಡಿಕೊಡುವುದು ಗಂಗಾವತಿಯವರಿಗೆ ಅಕ್ಕಿ ತೋರಿಸಿದ ಹಾಗೆ. ಜಿಪ್ಸಂ ಬಗ್ಗೆ ಇದ್ದ ಸ್ಲೈಡನ್ನು ಕೊನೆಗೆ, ಧನ್ಯವಾದದ ಆಚೆಗೆ ಇಟ್ಟರು. ಯಾರಾದರೂ ಕೇಳಿದರೆ ತೆಗೆಯಲು.

ಎರಡು ಒಪ್ಪಿಗೆಗಳು

ಹೊಸ ಭಾಷಣ ನೋಡಿದ ಹಿರಿಯ ಅಧಿಕಾರಿಗೆ ಅಸಮಾಧಾನವಾಯಿತು. "ಅದನ್ನ ಯಾಕ್ ತೋರಸ್ತೀರಿ? ನಮ್ಮ ಮ್ಯಾಲೆ ನಾವೇ ಕಂಪ್ಲೇಂಟ್ ಕೊಟ್ಟಂಗ ಆಗ್ತದ" ಅಂದರು. ಅವರ ಮಾತಲ್ಲೂ ಹುರುಳಿತ್ತು. ಒಡ್ಡು ತೆಗೆಸುವುದು, ಜೊಂಡು ಕೀಳಿಸುವುದು ಯಾರ ಕೆಲಸ ಅನ್ನುವ ವಿಷಯದಲ್ಲಿ ಎರಡು ಕಚೇರಿಗಳ ನಡುವೆ ಪತ್ರ ಓಡಾಡುತ್ತಿತ್ತು. ವೇದಿಕೆ ಮೇಲೆ ಒಂದು ಮಾತು ಹೆಚ್ಚುಕಮ್ಮಿ ಆದರೆ ಅದು ಆ ಪತ್ರಗಳ ಜೊತೆ ಸೇರಿಕೊಳ್ಳುತ್ತಿತ್ತು.

ಮೇಡಂ ವಾದಕ್ಕೆ ಹೋಗಲಿಲ್ಲ. ಎರಡು ವಿಷಯ ಬೇರೆ ಮಾಡಿದರು. ಫಲಿತಾಂಶ ಹೇಳುವುದು ಬಿಡಲಾಗದ್ದು. ಯಾವ ಕಚೇರಿ ಕೆಲಸ ಮಾಡಲಿಲ್ಲ ಅಂತ ಹೇಳುವುದು ಬಿಡಬಹುದಾದದ್ದು. ಹಳ್ಳದ ಹೆಸರು, ಉಪಕಾಲುವೆಯ ನಂಬರು, ಕಚೇರಿಯ ಹೆಸರು ಮೂರನ್ನೂ ತೆಗೆದರು. "ಸರ್, ಯಾರಾದ್ರೂ ಎರಡನೇ ಹಂಗಾಮು ಏನಾಯ್ತು ಅಂತ ಕೇಳಿದ್ರ, ಆಗ ಹೇಳೋದಕ್ಕಿಂತ ಮೊದ್ಲೇ ನಾವೇ ಹೇಳೋದು ಚಲೋ ಅಲ್ರೀ?" ಅಂತ ಕೇಳಿದರು. ಸರ್ ಹೂಂ ಅನ್ನಲಿಲ್ಲ, ಬೇಡ ಅಂತಲೂ ಅನ್ನಲಿಲ್ಲ. ನಮ್ಮ ಕಚೇರಿಗಳಲ್ಲಿ ಇದನ್ನು ಒಪ್ಪಿಗೆ ಅಂತಲೇ ತಿಳಿಯಬೇಕು.

ಎರಡನೆಯ ಒಪ್ಪಿಗೆ ರೈತರದು. ಇದನ್ನು ಹೆಚ್ಚಿನ ಭಾಷಣಕಾರರು ಯೋಚಿಸುವುದೇ ಇಲ್ಲ. ಪೈಪಿನ ಬಾಯಿಯ ಒಂದು ಒಳ್ಳೆಯ ಫೋಟೋ ಇತ್ತು: ಹಸಿರು ಜೊಂಡು, ಕಪ್ಪು ನೀರು, ನೀರಿನ ಅಂಚಿನಲ್ಲಿ ಅರ್ಧ ಮುಳುಗಿದ ಪೈಪು, ಪಕ್ಕದಲ್ಲಿ ಧೋತರ ಮೇಲೆ ಕಟ್ಟಿಕೊಂಡು ನಿಂತ ಹೊಲದ ಯಜಮಾನರು. ಹಿಂದೆ ಸರ್ವೆ ನಂಬರು ಬರೆದ ಬೋರ್ಡು. ಮೇಡಂ ಹೋಗಿ ಕೇಳಿದಾಗ ಯಜಮಾನರು ಅಂದರು: "ಪೈಪಿಂದು ತೋರಿಸ್ರಿ ತಾಯಿ. ನಂದು ಬ್ಯಾಡ. ಹೊಲ ಸವಳ ಐತಂತ ನಾಕ್ ಮಂದಿಗಿ ಗೊತ್ತಾದ್ರ ಲೀಜಿನ ರೇಟು ಬೀಳ್ತದ."

ಅವರು ಅರ್ಧ ಹೊಲವನ್ನು ಲೀಜಿಗೆ ಕೊಡುತ್ತಿದ್ದರು. ನಮಗೆ ಅದು ಒಂದು ಸ್ಲೈಡು. ಅವರಿಗೆ ವರ್ಷದ ಆದಾಯ. ಮುಖ, ಬೋರ್ಡು ಎರಡೂ ಬರದ ಹಾಗೆ ಫೋಟೋ ಕತ್ತರಿಸಿದರು. ಉಳಿದದ್ದು ಜೊಂಡು, ನೀರು, ಪೈಪು. ನೋಡಿದರೆ ಅದೇ ಇನ್ನೂ ಚೆನ್ನಾಗಿತ್ತು, ಕಣ್ಣು ನೇರ ಪೈಪಿಗೇ ಹೋಗುತ್ತಿತ್ತು.

ಸಮ್ಮೇಳನದ ದಿನ

ಸಿದ್ಧತೆಯಲ್ಲಿ ಇನ್ನೊಂದು ಕೆಲಸ ಮಾಡಿದ್ದರು. ಸಮಯ ಕಡಿಮೆಯಾದರೆ ಯಾವ ಸ್ಲೈಡು ಬಿಡಬೇಕು ಅಂತ ಮೊದಲೇ ಗುರುತು ಹಾಕಿಕೊಂಡಿದ್ದರು. 12 ನಿಮಿಷಕ್ಕೆ ಒಂದು ದಾರಿ, 8 ನಿಮಿಷಕ್ಕೆ ಒಂದು ದಾರಿ. ಕೈಯಲ್ಲೊಂದು ಚೀಟಿ, ಅದರಲ್ಲಿ ಎರಡು ಸಾಲು ನಂಬರುಗಳು.

ಅದು ಉಪಯೋಗಕ್ಕೆ ಬಂತು. ಉದ್ಘಾಟನೆಯಲ್ಲಿ ಶಾಲು, ಹಾರ, ನೆನಪಿನ ಕಾಣಿಕೆ ಎಲ್ಲ ಮುಗಿಯುವಷ್ಟರಲ್ಲಿ ಇಡೀ ಕಾರ್ಯಕ್ರಮ ಹಿಂದೆ ಬಿದ್ದಿತ್ತು. ಗೋಷ್ಠಿಯ ಅಧ್ಯಕ್ಷರು ಎಲ್ಲರಿಗೂ 8 ನಿಮಿಷ ಅಂದುಬಿಟ್ಟರು. ಮೇಡಂಗಿಂತ ಮೊದಲು ಮಾತಾಡಿದವರು ಆ 8 ನಿಮಿಷದಲ್ಲಿ ಪೂರ್ತಿ ಭಾಷಣ ತುರುಕಲು ಹೋಗಿ, ಅರ್ಧದಲ್ಲಿ ಗಂಟೆ ಬಾರಿಸಿಕೊಂಡು ಇಳಿದರು. ಅವರ ಕೆಲಸ ನಿಜವಾಗಿಯೂ ಒಳ್ಳೆಯದಿತ್ತು. ಯಾರಿಗೂ ತಲುಪಲಿಲ್ಲ.

ಸಭಾಂಗಣದ ಕಂಪ್ಯೂಟರಿನಲ್ಲಿ ಇನ್ನೊಂದು ಪೇಚು. ನಕ್ಷೆಯ ಮೇಲಿನ ಕನ್ನಡ ಅಕ್ಷರಗಳು ಯೂನಿಕೋಡ್ ಅಲ್ಲದ ಹಳೆಯ ಫಾಂಟಿನವು. ಆ ಫಾಂಟ್ ಇಲ್ಲದ ಯಂತ್ರದಲ್ಲಿ ಅವು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತವೆ. ಕನ್ನಡದಲ್ಲಿ ಕೆಲಸ ಮಾಡುವ ಯಾವ ಕಚೇರಿಗೂ ಇದು ಹೊಸದಲ್ಲ. ಕಚೇರಿಯ ಡಾಟಾ ಎಂಟ್ರಿ ಹುಡುಗ ಹಿಂದಿನ ದಿನವೇ ಎಲ್ಲವನ್ನೂ ಪಿಡಿಎಫ್ ಮಾಡಿ ಪೆನ್ ಡ್ರೈವಿಗೆ ಹಾಕಿದ್ದ. ಮೇಡಂ ಬೆಳಿಗ್ಗೆ ಚಹಾ ಹೊತ್ತಿಗೇ ಹೋಗಿ ಪರದೆ ಮೇಲೆ ಹಾಕಿ ನೋಡಿದ್ದರಿಂದ ಫಾಂಟಿನ ಪೇಚು ಮೊದಲೇ ಗೊತ್ತಾಯಿತು, ಪಿಡಿಎಫ್ ಕೈಹಿಡಿಯಿತು. ಹಿಂದಿನ ಸಾಲಿಗೆ ಹೋಗಿ ನಿಂತು ನೋಡಿದಾಗ ಮತ್ತೊಂದು ಗೊತ್ತಾಯಿತು: ಕಿಟಕಿಯ ಬಿಸಿಲಿಗೆ ಗ್ರಾಫಿನ ಹಳದಿ ಗೆರೆ ಕಾಣುತ್ತಲೇ ಇರಲಿಲ್ಲ. ಅದನ್ನು ಅಲ್ಲೇ ಕಡುನೀಲಿ ಮಾಡಿ ಹೊಸ ಪಿಡಿಎಫ್ ಮಾಡಿಕೊಂಡರು.

ಮಾತು ಶುರು ಮಾಡಿದ್ದು ಹೀಗೆ: "ನಿಮ್ಮ ಕೈಯಲ್ಲಿರುವ ಸಾರಾಂಶ ಒಂದು ಹಂಗಾಮಿನದು. ಈಗ ಎರಡು ಹಂಗಾಮು ಮುಗಿದಿದೆ. ಎರಡರಲ್ಲಿ ಒಂದು ಹೊಲ ಮತ್ತೆ ಸವಳಾಗಿದೆ. ಯಾಕೆ ಅಂತ ಹೇಳುತ್ತೇನೆ." ಆಂಧ್ರ, ತೆಲಂಗಾಣದ ಕಡೆಯವರೂ ಇದ್ದದ್ದರಿಂದ ಇಂಗ್ಲಿಷಿನಲ್ಲಿ ಹೇಳಿದರು, ಆದರೆ ಸಣ್ಣ ಸಣ್ಣ ವಾಕ್ಯಗಳಲ್ಲಿ. ಬಾಯಿಪಾಠ ಮಾಡಿದ್ದು ಈ ಮೊದಲ ಮಾತುಗಳನ್ನು ಮಾತ್ರ. ಮುಂದಿನದು ಫೋಟೋ, ನಕ್ಷೆ ನೋಡಿಕೊಂಡು ಬಂತು.

ಸಭೆಯಲ್ಲಿ ಮೊಬೈಲು ನೋಡುತ್ತಿದ್ದ ಕೆಲವರು ತಲೆ ಎತ್ತಿದರು. ಪೈಪಿನ ಬಾಯಿಯ ಫೋಟೋ ಬಂದಾಗ ಅದೇ ಮೊಬೈಲಿನಲ್ಲಿ ಅದನ್ನು ಹಿಡಿದುಕೊಂಡರು.

ಎಲ್ಲವೂ ಸರಿ ಹೋಗಲಿಲ್ಲ. ಮಣ್ಣಿನ ಪರೀಕ್ಷೆಯ ಕೋಷ್ಟಕದ ಹತ್ತಿರ ಮೇಡಂ ಜಾಸ್ತಿ ಹೊತ್ತು ನಿಂತರು. ಪ್ರತಿ ಅಂಕಿಯ ಹಿಂದೆ ಅವರು ಬಿಸಿಲಲ್ಲಿ ನಿಂತು ತೆಗೆದ ಮಣ್ಣಿತ್ತು, ಬಿಟ್ಟು ಮುಂದೆ ಹೋಗಲು ಮನಸ್ಸು ಬರಲಿಲ್ಲ ಅಂತ ಆಮೇಲೆ ಹೇಳಿದರು. ಹಾಗಾಗಿ ಕೊನೆಯ ಸ್ಲೈಡಿಗೆ ಅರ್ಧ ನಿಮಿಷವೂ ಸಿಗಲಿಲ್ಲ. ಪೈಪು ಹಾಕುವ ಅಂದಾಜುಪಟ್ಟಿಯಲ್ಲೇ ಹಳ್ಳದ ಹೂಳು ತೆಗೆಯುವ ಖರ್ಚೂ ಸೇರಲಿ, ಹಳ್ಳದ ಕೆಳಗಿನ ರೈತರನ್ನೂ ಮೊದಲ ಸಭೆಗೆ ಕರೆಯಲಿ ಅನ್ನುವ ಎರಡು ಮಾತು ಅಲ್ಲಿದ್ದವು. ಭಾಷಣದ ತಿರುಳೇ ಅದು. ಅದನ್ನೇ ಅವಸರದಲ್ಲಿ ಓದಿ ಮುಗಿಸಬೇಕಾಯಿತು. ಇದು ಆಗಬೇಕು ಅಂತ ಕೇಳುವ ಮಾತನ್ನು ಕೊನೆಗೆ ಇಟ್ಟರೆ ಸಮಯದ ಕತ್ತರಿ ಮೊದಲು ಬೀಳುವುದು ಅದರ ಮೇಲೇ. 8 ನಿಮಿಷದ ದಾರಿಯಲ್ಲಿ ಆ ಸ್ಲೈಡು ಫೋಟೋದ ಬೆನ್ನಿಗೇ ಬರಬೇಕಿತ್ತು ಅಂತ ನನ್ನ ಅನಿಸಿಕೆ. ಮೇಡಂ ಇದನ್ನು ಪೂರ್ತಿ ಒಪ್ಪುವುದಿಲ್ಲ. ಕಾರಣ ಹೇಳದೆ ಕೇಳಿದರೆ ಇಂಜಿನಿಯರುಗಳು ಒಪ್ಪುವುದಿಲ್ಲ ಅನ್ನುತ್ತಾರೆ.

ಪ್ರಶ್ನೆಗಳು

ಮೊದಲ ಪ್ರಶ್ನೆ ಜಿಪ್ಸಂ ಯಾಕೆ ಹಾಕಲಿಲ್ಲ ಅನ್ನುವುದು. ಮೇಡಂ ಇಟ್ಟುಕೊಂಡಿದ್ದ ಸ್ಲೈಡು ತೆಗೆದರು. ಜಿಪ್ಸಂ ಬೇಕಾಗುವುದು ಸೋಡಿಯಂ ಜಾಸ್ತಿಯಾಗಿ ಕ್ಷಾರವಾದ ಮಣ್ಣಿಗೆ. ಈ ಹೊಲಗಳದು ಕರಗುವ ಉಪ್ಪಿನ ತೊಂದರೆ, ಅದನ್ನು ನೀರಿನಲ್ಲಿ ತೊಳೆದು ಹೊರಗೆ ಕಳಿಸಬೇಕು, ಹೊರಗೆ ಹೋಗಲು ದಾರಿ ಇರಬೇಕು. ಕೇಳಿದವರು ಒಪ್ಪಿದರು.

ಎರಡನೆಯದು ಗಟ್ಟಿ ಪ್ರಶ್ನೆ. ಹಳ್ಳದ ನೀರು ಪೈಪಿನ ಬಾಯಿಗಿಂತ ಮೇಲೆ ಎಷ್ಟು ಕಾಲ ಇತ್ತು, ದಿನದಿನದ ಅಳತೆ ಇದೆಯಾ? ಇರಲಿಲ್ಲ. ಹೋದಾಗಲೆಲ್ಲ ನೋಡಿ ಬರೆದುಕೊಂಡದ್ದು ಮಾತ್ರ ಇತ್ತು. "ದಿನದಿನದ ಅಳತೆ ನಮ್ಮ ಹತ್ತಿರ ಇಲ್ಲ. ಭೇಟಿ ಕೊಟ್ಟ ದಿನಗಳದ್ದು ಇದೆ, ಅದರಲ್ಲಿ ಬಾಯಿ ಮುಳುಗಿತ್ತು" ಅಂತ ಹೇಳಿ ನಿಲ್ಲಿಸಿದರು. ಅಷ್ಟೇ. ಸುತ್ತಿ ಬಳಸಿ ಉತ್ತರ ಕೊಡಲು ಹೋಗಲಿಲ್ಲ. ಕೇಳಿದವರು ಹಳ್ಳದ ಪಕ್ಕ ಒಂದು ಅಳತೆಗೋಲು ನೆಟ್ಟು ಯಾರಾದರೂ ದಿನಾ ನೋಡಿದರೆ ಸಾಕು ಅಂತ ಸಲಹೆ ಕೊಟ್ಟರು. ಹಾಳಾದ ಹೊಲವನ್ನು ಮೊದಲೇ ಒಪ್ಪಿಕೊಂಡಿದ್ದರಿಂದ ಪ್ರಶ್ನೆ ತನಿಖೆಯ ಧಾಟಿಗೆ ಹೋಗಲಿಲ್ಲ, ಜೊತೆಗೆ ಕೂತು ಯೋಚಿಸುವ ಧಾಟಿಯಲ್ಲಿತ್ತು. ಕೊನೆಯ ಸ್ಲೈಡುಗಳ ಸಂದಿಯಿಂದ ಅದನ್ನು ಯಾರಾದರೂ ಹೆಕ್ಕಿ ತೆಗೆದಿದ್ದರೆ ಕಥೆಯೇ ಬೇರೆಯಾಗುತ್ತಿತ್ತು.

ಮೂರನೆಯವರು ಕ್ರಸ್ಟ್ ಗೇಟಿನ ವಿಷಯ ಎತ್ತಿದರು. 2024ರ ಆಗಸ್ಟಿನಲ್ಲಿ ಜಲಾಶಯದ 19ನೇ ಗೇಟಿನ ಚೈನು ತುಂಡಾಗಿ ಗೇಟು ಕೊಚ್ಚಿಹೋದ ಮೇಲೆ ಈ ಭಾಗದಲ್ಲಿ ಯಾವ ನೀರಿನ ಚರ್ಚೆಯೂ ಅಲ್ಲಿಗೇ ಹೋಗಿ ನಿಲ್ಲುತ್ತದೆ. ಇದ್ದ ಸಮಯ ಅದಕ್ಕೇ ಹೋಗುವ ಹಾಗಿತ್ತು. ಮೇಡಂ "ಸರ್, ಅದು ನನ್ನ ವಿಷಯ ಅಲ್ಲ, ಚಹಾ ಹೊತ್ತಲ್ಲಿ ಮಾತಾಡೋಣ" ಅಂದರು. ಅಧ್ಯಕ್ಷರು ನಕ್ಕು ಮುಂದಿನವರನ್ನು ಕರೆದರು.

ಆಮೇಲೆ

ಊಟದ ಹೊತ್ತಿಗೆ ಮಲಪ್ರಭಾ ಅಚ್ಚುಕಟ್ಟಿನ ಕಡೆಯ ಒಬ್ಬ ಇಂಜಿನಿಯರ್ ಬಂದು ತಮ್ಮಲ್ಲೂ ಪೈಪಿನ ಬಾಯಿ ಮುಚ್ಚಿದ ಜಾಗಗಳಿವೆ, ಆದರೆ ಅದನ್ನು ವರದಿಯಲ್ಲಿ ಬರೆದಿಲ್ಲ ಅಂದರು. ಅವರೂ ಮೇಡಮ್ಮೂ ಈಗ ಹಳ್ಳದ ಮಟ್ಟದ ಅಂಕಿಗಳನ್ನು ಒಬ್ಬರಿಗೊಬ್ಬರು ಕಳಿಸಿಕೊಳ್ಳುತ್ತಿದ್ದಾರೆ. ಭಾಷಣದಿಂದ ಸಿಕ್ಕ ದೊಡ್ಡ ಲಾಭ ಇದು ಅಂತ ನನಗನಿಸುತ್ತದೆ. ಬಹುಮಾನ ಬೇರೆ ಪ್ರಬಂಧಕ್ಕೆ ಹೋಯಿತು.

ಹಿರಿಯ ಅಧಿಕಾರಿ ಆ ದಿನ ಹೆಚ್ಚು ಮಾತಾಡಲಿಲ್ಲ. ಪೂರ್ಣ ಪ್ರಬಂಧ ಬರೆಯುವಾಗ ಮಾತ್ರ ಎರಡೂ ಹಂಗಾಮಿನ ಕೋಷ್ಟಕ ಇರಲಿ ಅಂತ ಅವರೇ ಹೇಳಿದರು. ಅಚ್ಚಾದ ಸಾರಾಂಶ ಹಾಗೇ ಉಳಿಯಿತು, ಅದನ್ನು ಬದಲಿಸಲು ಬರುವುದಿಲ್ಲ. ಮುಂದೆ ಯಾರಾದರೂ ಆ ಪುಸ್ತಕ ತೆರೆದರೆ ಎರಡೂ ಹೊಲ ಗೆದ್ದಿವೆ ಅಂತಲೇ ಓದುತ್ತಾರೆ. ಹಾಗಾಗಿ ಪೂರ್ಣ ಪ್ರಬಂಧದ ಮೊದಲ ಪ್ಯಾರಾದಲ್ಲೇ ಸಾರಾಂಶಕ್ಕೂ ಇದಕ್ಕೂ ಇರುವ ವ್ಯತ್ಯಾಸ ಬರೆದಿದ್ದಾರೆ.

ಹಳ್ಳದ ಒಡ್ಡಿನ ವಿಷಯ ಇನ್ನೂ ಬಗೆಹರಿದಿಲ್ಲ. ಕೆಳಗಿನ ರೈತರನ್ನು ಕರೆದು ಒಂದು ಸಭೆ ಮಾಡಿದರು. ಕಾಲುವೆ ನೀರು ಮುಟ್ಟಿಸಿದರೆ ಒಡ್ಡು ತೆಗೆಯುತ್ತೇವೆ ಅಂದರು ಅವರು. ಆ ಮಾತು ಕೊಡುವುದು ಮೇಡಂ ಕೈಯಲ್ಲಿಲ್ಲ. ಸದ್ಯಕ್ಕೆ ಒಡ್ಡಿನ ಎತ್ತರ ಕಡಿಮೆ ಮಾಡಿ, ಪೈಪಿನ ಬಾಯಿಯ ಮಟ್ಟಕ್ಕಿಂತ ಕೆಳಗೆ ನೀರು ನಿಲ್ಲಿಸುವ ಹಾಗೆ ಒಂದು ಗುರುತು ಹಾಕಿದ್ದಾರೆ. ವರ್ಕ್ ಇನ್‌ಸ್ಪೆಕ್ಟರ್ ಅಲ್ಲೊಂದು ಅಳತೆಗೋಲು ನೆಟ್ಟಿದ್ದಾರೆ. ಯಜಮಾನರ ಮಗ ದಿನಾ ನೋಡಿ ಮೊಬೈಲಿನಲ್ಲಿ ಫೋಟೋ ಕಳಿಸುತ್ತಾನೆ.

ಮುಂದಿನ ಭಾಷಣ ಸಿಂಧನೂರಿನ ಕಡೆ, ರೈತರ ಮುಂದೆ. ಅದಕ್ಕೆ ಕೋಷ್ಟಕ ಪೂರ್ತಿ ತೆಗೆದಿದ್ದಾರೆ. ಫೋಟೋ ಸದ್ಯಕ್ಕೆ ಇಟ್ಟುಕೊಂಡಿದ್ದಾರೆ, ತೋರಿಸಬಹುದಾ ಅಂತ ಯಜಮಾನರನ್ನು ಇನ್ನೊಮ್ಮೆ ಕೇಳಿದ್ದಾರೆ. ಸಮ್ಮೇಳನಕ್ಕೆ ಬಂದವರು ಹೊರಗಿನವರು, ಇವರು ಸುತ್ತಲಿನ ಊರಿನವರು, ಜೊಂಡು ನೋಡಿಯೇ ಹಳ್ಳ ಯಾವುದು ಅಂತ ಗುರುತು ಹಿಡಿಯಬಲ್ಲವರು. ಯಜಮಾನರು ಇನ್ನೂ ಉತ್ತರ ಹೇಳಿಲ್ಲ.